ಮೊಡವೆ ಗುಳಿಗೆಗೂ ಮದುವೆ ತಾರೀಖಿಗೂ ಏನು ಸಂಬಂಧ?

ಪ್ರಶ್ನೆ:

ನಾನು ಸೇಡಂದಾಕಿ. ವಯಸ್ಸು 23, ಬಿ.ಇಡಿ ಮುಗಿಸೀನಿ. ಅಪ್ಪ ಸಿಮೆಂಟ್ ಫ್ಯಾಕ್ಟರಿಯೊಳಗ ಕೆಲಸ ಮಾಡ್ತಾರ. ಪಿಯುಸಿ ಇದ್ದಾಗಿಂದ ನನ್ನ ಮುಖದ ಮ್ಯಾಲೆ ಮೊಡವಿ ಅದಾವ. ಎರಡು ವರ್ಷ ಆತು, ಈಗ ಅವು ಮೊಡವಿ ಅಲ್ಲ, ಗಡ್ಡಿ. ಗಲ್ಲದಾಗ, ಗದ್ದದ ಕೆಳಗ, ಬೆನ್ನಿನ ತುಂಬ. ಎಡಕ್ಕ ಹೊಳ್ಳಿ ಮಲಗಿದ್ರ ದಿಂಬು ತಾಗಿ ನೋವು. ಮುಂಜಾನೆ ನೋಡಿದ್ರ ಗಲೀಫಿನ ಮ್ಯಾಲೆ ಕೀವು, ರಕ್ತದ ಕಲೆ. ಮೆಡಿಕಲ್‌ನಾಗ ಕೊಟ್ಟ ಟ್ಯೂಬ್ ಹಚ್ಚಿದೆ. ಮೊದಲ ತಿಂಗಳು ಮುಖ ಬೆಳ್ಳಗಾತು, ಬಿಟ್ಟ ಮ್ಯಾಲೆ ಎರಡು ಪಟ್ಟು ಎದ್ದವು. ಇಲ್ಲಿ ಡಾಕ್ಟರ್ ಮೂರು ತಿಂಗಳು ಡಾಕ್ಸಿಸೈಕ್ಲಿನ್ ಕೊಟ್ರು. ಕಡಿಮಿ ಆದಂಗಾಗಿ ಮತ್ತ ಬಂದವು.

ಹೋದ ವಾರ ಕಲಬುರಗಿಗೆ ಚರ್ಮದ ಡಾಕ್ಟರ್ ಕಡೆ ಹೋಗಿದ್ವಿ. ಐಸೊಟ್ರೆಟಿನೊಯಿನ್ ಅನ್ನೋ ಗುಳಿಗಿ ಬರೀತೀನಿ, ಮೊದಲು ರಕ್ತ ತಪಾಸಣೆ ಮಾಡಿಸ್ರಿ ಅಂದ್ರು. ಆಮ್ಯಾಲೆ “ಲಗ್ನ ಆಗ್ಯಾದೇನು? ಯಾವಾಗ ಮಾಡೋರದೀರಿ? ಕಡೀಕ ಮುಟ್ಟಾಗಿದ್ದು ಯಾವಾಗ?” ಅಂತ ಕೇಳಿ, ಗರ್ಭದ ತಪಾಸಣೀನೂ ಬರದ್ರು. ಅವ್ವ ಅಲ್ಲೇ ಸಿಟ್ಟಾಗಿ ಎದ್ದು ಬಂದಳು. “ನನ್ನ ಮಗಳ ಬಗ್ಗೆ ಏನಂತ ತಿಳಕೊಂಡಾರ” ಅಂತ ಊರು ಬರೋ ತನಕ ಬಸ್ಸಿನಾಗ ಕಣ್ಣೀರು ಹಾಕಿದಳು. ಚಿತ್ತಾಪುರದ ಚಿಗವ್ವ ಫೋನ್ ಮಾಡಿ “ಆ ಗುಳಿಗಿ ನುಂಗಿದ್ರ ಮಕ್ಕಳಾಗಂಗಿಲ್ಲ” ಅಂದಾಳ. ಅಣ್ಣ “ತಪಾಸಣೆ ಗಿಪಾಸಣೆ ಬ್ಯಾಡ, ಪರಿಚಯದ ಮೆಡಿಕಲ್‌ನವ ಚೀಟಿ ಇಲ್ದನ ಕೊಡ್ತಾನ” ಅಂತಾನ. ಸೋದರತ್ತಿ ಮಗನ ಜೋಡಿ ಮಾತು ನಡದದ. ಬ್ಯಾಸಗಿಯೊಳಗ ಲಗ್ನ ಅಂತ ಹಿರಿಯರ ಲೆಕ್ಕ. ನನಗ ಮುಖಾನೂ ಸುಧಾರಿಸಬೇಕು, ಹೆದರಿಕೀನೂ ಬಂದದ. ಏನು ಮಾಡ್ಲಿ?

— ಹೆಸರು ಬ್ಯಾಡ, ಸೇಡಂ

ಉತ್ತರ:

ತಂಗಿ, ಮೊದಲು ನಿನ್ನ ಅವ್ವನಿಗೆ ಒಂದು ಮಾತು ಹೇಳು. ಆ ಡಾಕ್ಟರ್ ಕೇಳಿದ ಮೂರೂ ಪ್ರಶ್ನೆ ಕೇಳಲೇಬೇಕಾದವು. ಅವನ್ನು ಕೇಳದೆ ಈ ಗುಳಿಗೆ ಬರೆದುಕೊಟ್ಟಿದ್ದರೆ ಆಗ ಸಿಟ್ಟು ಮಾಡಬೇಕಿತ್ತು. ಈ ವಿಷಯದಲ್ಲಿ ನಾಲ್ಕು ಜನ ನಾಲ್ಕು ಮಾತು ಆಡಿದ್ದಾರೆ. ಅವುಗಳಲ್ಲಿ ಅಪಾಯದ್ದು ಅಣ್ಣನ ಮಾತು, ಡಾಕ್ಟರದ್ದಲ್ಲ.

ಐಸೊಟ್ರೆಟಿನೊಯಿನ್ ಎನ್ನುವುದು ‘ಎ’ ಜೀವಸತ್ವದ ಸಂಬಂಧಿ. ಚರ್ಮದಡಿಯ ಎಣ್ಣೆ ಗ್ರಂಥಿಗಳನ್ನು ಕುಗ್ಗಿಸುತ್ತದೆ, ರಂಧ್ರ ಕಟ್ಟಿಕೊಳ್ಳುವುದನ್ನು ತಡೆಯುತ್ತದೆ, ಉರಿಯೂತ ಇಳಿಸುತ್ತದೆ. ಅಲ್ಲೊಂದು ಇಲ್ಲೊಂದು ಏಳುವ ಮೊಡವೆಗೆ ಇದು ಬೇಡ. ಒಳಗೇ ಗಡ್ಡೆ ಕಟ್ಟುವ, ಕೀವಾಗುವ, ಕುಳಿ ಉಳಿಸಿ ಹೋಗುವ, ಬೇರೆ ಔಷಧಕ್ಕೆ ಬಗ್ಗದ ಮೊಡವೆಗೆ ಇರುವ ಔಷಧ ಇದು. ನೀನು ಬರೆದದ್ದನ್ನು ನೋಡಿದರೆ ಡಾಕ್ಟರ್ ಸುಮ್ಮನೆ ಇದಕ್ಕೆ ಕೈ ಹಾಕಿದಂತೆ ಕಾಣುವುದಿಲ್ಲ. ಸರಿಯಾಗಿ ತೆಗೆದುಕೊಂಡ ಬಹಳ ಜನರಿಗೆ ಒಂದೇ ಸುತ್ತಿನಲ್ಲಿ ಮೊಡವೆ ಬಿಟ್ಟುಹೋಗುತ್ತದೆ. ಆದ್ದರಿಂದ ಹೆದರಿ ದೂರ ಓಡುವುದೂ ಬೇಡ.

ಹಾಗಾದರೆ ಲಗ್ನದ ಮಾತು ಯಾಕೆ ಬಂತು? ಈ ಗುಳಿಗೆ ಹೊಟ್ಟೆಯಲ್ಲಿರುವ ಕೂಸಿಗೆ ಆಗಿಬರುವುದಿಲ್ಲ. ಗರ್ಭ ನಿಂತ ಮೊದಲ ವಾರಗಳಲ್ಲೇ, ಎಷ್ಟೋ ಸಲ ಹೆಣ್ಣುಮಗಳಿಗೆ ತಾನು ಬಸುರಿ ಎಂದು ಗೊತ್ತಾಗುವ ಮೊದಲೇ, ಕೂಸಿನ ಕಿವಿ, ಮುಖ, ಹೃದಯ, ಮೆದುಳು ರೂಪುಗೊಳ್ಳುವುದನ್ನು ಕೆಡಿಸುತ್ತದೆ. ಅಮೆರಿಕದಲ್ಲಿ ಈ ಔಷಧ 1982ರಲ್ಲಿ ಮಾರುಕಟ್ಟೆಗೆ ಬಂತು. ಮರುವರ್ಷವೇ ಅಂಗದೋಷವಿರುವ ಕೂಸುಗಳ ವರದಿ ಬರತೊಡಗಿತು. 1985ರಲ್ಲಿ ಪ್ರಕಟವಾದ ಅಧ್ಯಯನವೊಂದು ಗುಳಿಗೆ ನಡುವೆ ಗರ್ಭ ನಿಂತ 154 ಪ್ರಕರಣಗಳನ್ನು ನೋಡಿತು. 95 ಹೆಂಗಸರು ಗರ್ಭ ತೆಗೆಸಿದ್ದರು, 12 ಗರ್ಭ ತಾವೇ ಇಳಿದಿದ್ದವು. ಹುಟ್ಟಿದ 47 ಕೂಸುಗಳಲ್ಲಿ 21 ಕೂಸುಗಳಿಗೆ ಅಂಗದೋಷವಿತ್ತು. ಆಮೇಲೆ ಅಲ್ಲಿ ನಿಯಮ ಬಿಗಿಯಾಗುತ್ತ ಹೋಗಿ, 2006ರಿಂದ ಡಾಕ್ಟರ್, ರೋಗಿ, ಔಷಧ ಅಂಗಡಿ ಮೂವರೂ ಹೆಸರು ನೋಂದಾಯಿಸದೆ ಈ ಗುಳಿಗೆ ಕೈಗೆ ಸಿಗದ ಹಾಗಾಯಿತು. ಗರ್ಭ ಧರಿಸಬಲ್ಲ ಹೆಂಗಸರಿಗೆ ಗರ್ಭದ ತಪಾಸಣೆ ಅಲ್ಲಿ ಕಡ್ಡಾಯ.

ನಮ್ಮಲ್ಲಿ ಅಂಥ ನೋಂದಣಿ ಇಲ್ಲ. ಡಾಕ್ಟರ್ ಎದುರಿಗೆ ಕೂತು ಕೇಳುವ ಪ್ರಶ್ನೆಯೇ ಇಲ್ಲಿರುವ ಕಾವಲು. ಮದುವೆಯಾದವರು, ಆಗದವರು, ಓದಿದವರು, ಓದದವರು ಎಂದು ನೋಡದೆ ಎಲ್ಲ ಹೆಣ್ಣುಮಕ್ಕಳಿಗೂ ಈ ತಪಾಸಣೆ ಬರೆಯುವುದು ಪದ್ಧತಿ. ಎಕ್ಸ್‌ರೇ ಕೋಣೆಯ ಬಾಗಿಲಿಗೆ ‘ಗರ್ಭಿಣಿಯರು ಮೊದಲೇ ತಿಳಿಸಿ’ ಎಂದು ಬೋರ್ಡು ಹಾಕಿರುತ್ತಾರಲ್ಲ, ಅದನ್ನು ಓದಿ ಯಾರೂ ಸಿಟ್ಟಾಗುವುದಿಲ್ಲ. ಇದೂ ಅಷ್ಟೇ. ಅವ್ವನಿಗೆ ನೀನು ಹೇಳಿದರೆ ಮನಸ್ಸಿಗೆ ಹೋಗಲಿಕ್ಕಿಲ್ಲ. ಸೇಡಂ ಸರ್ಕಾರಿ ದವಾಖಾನೆಯ ಲೇಡಿ ಡಾಕ್ಟರ್ ಅಥವಾ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯಿಂದ ಒಂದು ಸಲ ಹೇಳಿಸು. ಮಾತು ಅದೇ ಆದರೂ ಅವರ ಬಾಯಿಂದ ಬಂದರೆ ತೂಕ ಬೇರೆ.

ಇನ್ನು ಚಿಗವ್ವನ ಮಾತು. ‘ಮುಂದೆ ಮಕ್ಕಳೇ ಆಗುವುದಿಲ್ಲ’ ಎನ್ನುವುದಕ್ಕೆ ಆಧಾರವಿಲ್ಲ. ನಿಜ ಇರುವುದು ಇಷ್ಟು: ಗುಳಿಗೆ ಶುರು ಮಾಡುವ ಒಂದು ತಿಂಗಳು ಮೊದಲಿನಿಂದ, ನುಂಗುವಷ್ಟು ಕಾಲ, ಬಿಟ್ಟ ಮೇಲೆ ಕನಿಷ್ಠ ಒಂದು ತಿಂಗಳು, ಗರ್ಭ ನಿಲ್ಲಕೂಡದು. ಔಷಧ ಮೈಯಲ್ಲಿ ವರ್ಷಗಟ್ಟಲೆ ಉಳಿಯುವುದಿಲ್ಲ. ಆ ಒಂದು ತಿಂಗಳು ಕಳೆದ ಮೇಲೆ ಬಸುರಾದವರ ಕೂಸುಗಳಿಗೆ ಇದರಿಂದ ತೊಂದರೆ ಕಂಡುಬಂದಿಲ್ಲ. ಎಲ್ಲೋ ಕೇಳಿದ ಎಚ್ಚರಿಕೆ ಬಾಯಿಂದ ಬಾಯಿಗೆ ಬರುತ್ತ ಬಂಜೆತನದ ಮಾತಾಗಿದೆ, ಅಷ್ಟೇ. ಚಿಗವ್ವನ ಕಾಳಜಿ ಸುಳ್ಳಲ್ಲ. ಅವರಿಗೆ ಸಿಟ್ಟಿನಿಂದ ಉತ್ತರ ಕೊಡಬೇಡ.

ಈಗ ಲಗ್ನದ ಲೆಕ್ಕ ಹಾಕೋಣ. ಈ ಗುಳಿಗೆಯ ಪ್ರಮಾಣ ಮೈತೂಕದ ಮೇಲೆ ಹೋಗುತ್ತದೆ. ಪುಸ್ತಕದ ಲೆಕ್ಕದಲ್ಲಿ ಇಡೀ ಸುತ್ತಿಗೆ ಒಂದು ಕೆ.ಜಿ. ತೂಕಕ್ಕೆ 120ರಿಂದ 150 ಮಿಲಿಗ್ರಾಂ. ನಿನ್ನ ತೂಕ 50 ಕೆ.ಜಿ. ಎಂದು ಹಿಡಿದರೆ ಒಟ್ಟು 6,000ದಿಂದ 7,500 ಮಿಲಿಗ್ರಾಂ. ದಿನಕ್ಕೆ 40 ಮಿಲಿಗ್ರಾಂ ಕೊಟ್ಟರೆ ಐದಾರು ತಿಂಗಳಲ್ಲಿ ಮುಗಿಯುತ್ತದೆ. ದಿನಕ್ಕೆ 20 ಕೊಟ್ಟರೆ ಹತ್ತು ತಿಂಗಳು, ಹನ್ನೆರಡು ತಿಂಗಳು. ತುಟಿ-ಕಣ್ಣು ಒಣಗುವ ಕಾಟ ಕಡಿಮೆ ಇರಲಿ ಎಂದು ನಮ್ಮ ಕಡೆಯ ಬಹಳ ಡಾಕ್ಟರುಗಳು ಕಡಿಮೆ ಪ್ರಮಾಣದಲ್ಲೇ ನಡೆಸುತ್ತಾರೆ, ಕೆಲವರಿಗೆ ಅಷ್ಟೂ ಲೆಕ್ಕ ಮುಟ್ಟಿಸುವುದೂ ಇಲ್ಲ. ಅದು ಅವರು ನಿನ್ನ ಚರ್ಮ ನೋಡಿ ತೀರ್ಮಾನಿಸುವ ವಿಷಯ. ನೀನು ಕೇಳಬೇಕಾದ್ದು ಎರಡೇ: ದಿನಕ್ಕೆ ಎಷ್ಟು, ಒಟ್ಟು ಎಷ್ಟು ತಿಂಗಳು?

ದೀಪಾವಳಿ ಮುಗಿಸಿ ಶುರು ಮಾಡಿದೆ ಎನ್ನು. ಆರು ತಿಂಗಳಿಗೆ ವೈಶಾಖ ಬಂತು, ಮೇಲೊಂದು ತಿಂಗಳು ಬಿಟ್ಟರೆ ಜ್ಯೇಷ್ಠ. ಹಿರಿಯರು ನೋಡುತ್ತಿರುವ ಬೇಸಿಗೆ ಮುಹೂರ್ತ ಅದರ ನಟ್ಟನಡುವೆ ಬೀಳುತ್ತದೆ. ಡಾಕ್ಟರ್ ಕೇಳಿದ ಪ್ರಶ್ನೆಯ ಅರ್ಥ ಇದೇ. ನಿನ್ನ ಮುಂದೆ ಮೂರು ದಾರಿ ಇವೆ. ಒಂದು, ಗುಳಿಗೆ ಈಗ ಶುರು ಮಾಡಿ ಲಗ್ನವನ್ನು ಮುಂದಿನ ತುಳಸಿ ಲಗ್ನ ಕಳೆದ ಮೇಲಕ್ಕೆ ಹಾಕುವುದು. ಎರಡು, ಲಗ್ನ ಬೇಸಿಗೆಗೇ ಆಗಲಿ ಎಂದು, ಅಲ್ಲಿಯವರೆಗೆ ಡಾಕ್ಟರ್ ಹೇಳಿದ ಬೇರೆ ಔಷಧದಲ್ಲಿ ನಡೆಸಿ, ಈ ಗುಳಿಗೆಯನ್ನು ಮುಂದೆ ನೋಡುವುದು. ಮೂರು, ಗುಳಿಗೆ ನಡೆದಿರುವಾಗಲೇ ಲಗ್ನವಾಗಿ, ಮಗುವನ್ನು ಮುಂದಕ್ಕೆ ಹಾಕುವುದು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಕಾಂಡೋಮ್ ಒಂದನ್ನೇ ನಂಬುವ ಹಾಗಿಲ್ಲ. ಸ್ತ್ರೀರೋಗ ತಜ್ಞರನ್ನು ಕಂಡು ಎರಡು ಬಗೆಯ ತಡೆ ಒಟ್ಟಿಗೆ ಇಟ್ಟುಕೊಳ್ಳಬೇಕು, ಅದೂ ಲಗ್ನಕ್ಕೆ ಮೊದಲೇ ಶುರುವಾಗಿರಬೇಕು. ಗಂಡನಾಗುವವನಿಗೆ ವಿಷಯ ಪೂರ್ತಿ ಗೊತ್ತಿರಬೇಕು. ‘ಲಗ್ನಾಗಿ ವರ್ಷಾತು, ಏನೂ ಸುದ್ದಿ ಇಲ್ಲಲ್ಲ’ ಎಂದು ನಿನ್ನನ್ನು ಕೇಳುವವರಿಗೆ ಅವನೇ ಉತ್ತರ ಕೊಡುವಂತಿರಬೇಕು. ಆ ಧೈರ್ಯ ನಿಮ್ಮಿಬ್ಬರಲ್ಲಿ ಇಲ್ಲ ಅನಿಸಿದರೆ ಮೊದಲೆರಡರಲ್ಲಿ ಒಂದನ್ನು ಆರಿಸಿಕೋ. ನನ್ನನ್ನು ಕೇಳಿದರೆ ಮೊದಲನೆಯದು. ಮಾತು ನಡೆದಿರುವುದು ಸ್ವಂತ ಸೋದರತ್ತೆಯ ಮನೆಯಲ್ಲಿ. ಆರು ತಿಂಗಳು ತಡೆಯಿರಿ ಎಂದು ಹೊರಗಿನ ಬೀಗರಿಗೆ ಹೇಳುವಷ್ಟು ಕಷ್ಟ ಇಲ್ಲಿಲ್ಲ. ರಕ್ತಸಂಬಂಧದಲ್ಲಿ ಲಗ್ನ ಆಗುವವರು ಹುಟ್ಟುವ ಮಗುವಿನ ಬಗ್ಗೆ ಕೇಳಿಕೊಳ್ಳಬೇಕಾದ ಮಾತುಗಳು ಬೇರೆಯೇ ಇವೆ. ಸ್ತ್ರೀರೋಗ ತಜ್ಞರ ಕಡೆ ಹೋದಾಗ ಅದನ್ನೂ ಕೇಳಿಬಿಡು.

ಅಣ್ಣನ ವಿಷಯಕ್ಕೆ ಬರುತ್ತೇನೆ. ಇದು ಶೆಡ್ಯೂಲ್ ‘ಹೆಚ್’ಗೆ ಸೇರಿದ ಔಷಧ. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಪರಿಚಯದವನು ಕೊಡುತ್ತಾನೆ ಎಂದರೆ ನಿನಗೆ ಉಪಕಾರ ಮಾಡುತ್ತಾನೆ ಎಂದಲ್ಲ, ನಿನ್ನ ಲಿವರ್, ನಿನ್ನ ರಕ್ತದ ಕೊಬ್ಬು ಹೇಗಿದೆ ಎಂದು ನೋಡದೆ ಕೊಡುತ್ತಾನೆ ಎಂದು. ಒಮ್ಮೆ ಮೆಡಿಕಲ್‌ನವನ ಮಾತು ಕೇಳಿ ಟ್ಯೂಬ್ ಹಚ್ಚಿದ್ದರ ಫಲ ನಿನ್ನ ಮುಖದ ಮೇಲೇ ಇದೆ. ಆ ಟ್ಯೂಬ್ ಮನೆಯಲ್ಲಿದ್ದರೆ ಹುಡುಕಿ, ಸಣ್ಣ ಅಕ್ಷರ ಓದು. ಬೆಟಮೆಥಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಂದಿದ್ದರೆ ಅದು ಸ್ಟೆರಾಯ್ಡ್. ಮೊದಲು ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಚರ್ಮ ತೆಳ್ಳಗಾಗುತ್ತ ಹೋಗಿ, ಬಿಟ್ಟ ಕೂಡಲೇ ಕೆಂಪಾಗಿ ಮೊಡವೆ ಎದ್ದು ಬರುತ್ತದೆ. ನೀನು ಬರೆದದ್ದು ಅಚ್ಚು ಹೀಗೇ ಇದೆ. ಇಂಥ ಮುಲಾಮುಗಳನ್ನು ಮುಖದ ಬಣ್ಣಕ್ಕೆಂದು ಮಾರುವುದರ ವಿರುದ್ಧ ಚರ್ಮತಜ್ಞರ ಸಂಘ ವರ್ಷಗಟ್ಟಲೆ ಕೂಗು ಹಾಕಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಕೂಡದ ಪಟ್ಟಿಗೆ ತಂದಿತು. ಖಾಲಿಯಾಗಿದ್ದರೂ ಆ ಟ್ಯೂಬನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸು. ನಿನ್ನ ಗಡ್ಡೆಗಳಲ್ಲಿ ಅದರ ಪಾಲೆಷ್ಟು ಎಂದು ಅವರಿಗೆ ತಿಳಿಯಬೇಕು.

ಮುಂದಿನ ಸಲ ಹೋಗುವಾಗ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು. ಅವರು ಕೇಳಲಿ ಬಿಡಲಿ, ನೀನೇ ಹೇಳು:

• ಡಾಕ್ಸಿಸೈಕ್ಲಿನ್ ಯಾವತ್ತು ನಿಲ್ಲಿಸಿದೆ, ಮನೆಯಲ್ಲಿ ಇನ್ನೂ ಉಳಿದಿದೆಯೇ. ಅದು ಮತ್ತು ಈ ಗುಳಿಗೆ ಕೂಡಬಾರದು. ಎರಡೂ ಸೇರಿದರೆ ತಲೆಬುರುಡೆಯೊಳಗಿನ ಒತ್ತಡ ಏರಿ ತಲೆನೋವು, ದೃಷ್ಟಿ ಮಂಜಾಗುವುದು ಆಗಬಹುದು. ಮುಂದೆ ಜ್ವರಕ್ಕೋ ಕೆಮ್ಮಿಗೋ ಬೇರೆ ಡಾಕ್ಟರ್ ಹತ್ತಿರ ಹೋದಾಗಲೂ ‘ನಾನು ಐಸೊಟ್ರೆಟಿನೊಯಿನ್ ಮೇಲಿದ್ದೇನೆ’ ಎಂದು ಹೇಳು.

• ಕಾಮಾಲೆ ಆಗಿತ್ತೇ. ಮನೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದ ಕೊಬ್ಬು ಯಾರಿಗಾದರೂ ಇದೆಯೇ.

• ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತದೆಯೇ, ಗದ್ದ-ಮೇಲ್ದುಟಿಯಲ್ಲಿ ಕೂದಲು ಹೆಚ್ಚಾಗಿದೆಯೇ. ಗದ್ದದ ಕೆಳಗೆ ಹಟ ಹಿಡಿದ ಮೊಡವೆಯ ಹಿಂದೆ ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ ಇರುವುದುಂಟು. ಆಗ ಚಿಕಿತ್ಸೆಯ ದಾರಿಯೇ ಬೇರೆಯಾಗಬಹುದು.

• ಮಲ್ಟಿವಿಟಮಿನ್, ಮೀನೆಣ್ಣೆಯ ಗುಳಿಗೆ, ನಾಟಿ ಔಷಧ ಏನಾದರೂ ತೆಗೆದುಕೊಳ್ಳುತ್ತಿದ್ದೀಯೇ. ಮೇಲೆ ಮತ್ತೆ ‘ಎ’ ಜೀವಸತ್ವ ಬಿದ್ದರೆ ಹೆಚ್ಚಾಗುತ್ತದೆ. ಗಜ್ಜರಿ, ಮೆಂತ್ಯೆ ಪಲ್ಯ ತಿನ್ನಲು ಅಡ್ಡಿಯಿಲ್ಲ.

• ಸೋಯಾ, ಶೇಂಗಾ ಮೈಗೆ ಆಗದೇ ಇದ್ದರೆ ಅದು. ಕೆಲವು ಕ್ಯಾಪ್ಸೂಲುಗಳಲ್ಲಿ ಸೋಯಾ ಎಣ್ಣೆ ಇರುತ್ತದೆ.

• ಯಾವತ್ತಾದರೂ ಮನಸ್ಸು ತೀರ ಕುಸಿದದ್ದು, ಬದುಕು ಬೇಡ ಅನಿಸಿದ್ದು ಇದ್ದರೆ ಅದು. ಇದನ್ನು ಹೇಳಲು ಅವ್ವನನ್ನು ಐದು ನಿಮಿಷ ಹೊರಗೆ ಕೂರಿಸಿ ಎಂದು ಡಾಕ್ಟರನ್ನು ಕೇಳಬಹುದು, ತಪ್ಪಿಲ್ಲ.

ತಪಾಸಣೆ ದೊಡ್ಡ ಬಾಬತ್ತಲ್ಲ. ಲಿವರ್ ಪರೀಕ್ಷೆ, ರಕ್ತದ ಕೊಬ್ಬು, ಗರ್ಭದ ಪರೀಕ್ಷೆ. ಕೊಬ್ಬಿನ ಪರೀಕ್ಷೆಗೆ ರಾತ್ರಿ ಊಟದ ಮೇಲೆ ಹತ್ತು-ಹನ್ನೆರಡು ತಾಸು ನೀರು ಬಿಟ್ಟು ಬೇರೇನೂ ಮುಟ್ಟಬಾರದು. ಹಸಿದ ಹೊಟ್ಟೆಯಲ್ಲಿ ಕಲಬುರಗಿ ಬಸ್ ಹತ್ತಬೇಕಾಗಿಲ್ಲ. ಸೇಡಂನಲ್ಲೇ ರಕ್ತ ಕೊಟ್ಟು ರಿಪೋರ್ಟ್ ಒಯ್ದರೆ ಸಾಕು. ಇದರಲ್ಲಿ ಟ್ರೈಗ್ಲಿಸರೈಡ್ ಎಂಬ ಸಾಲು ನೋಡು. 150ರ ಒಳಗಿದ್ದರೆ ಸರಿ. ಈ ಗುಳಿಗೆ ಅದನ್ನು ಏರಿಸುತ್ತದೆ, ತೀರ ಏರಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯ. ಅದಕ್ಕೇ ಒಂದೆರಡು ತಿಂಗಳಿಗೆ ಮತ್ತೊಮ್ಮೆ ನೋಡುತ್ತಾರೆ. ಪರೀಕ್ಷೆಯಲ್ಲಿ ಗರ್ಭ ಇಲ್ಲ ಎಂದು ಬಂದ ಮೇಲೆ ಮುಂದಿನ ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಮೊದಲ ಗುಳಿಗೆ ನುಂಗುವುದು ರೂಢಿ. ಕಡೀಕ ಮುಟ್ಟಾಗಿದ್ದು ಯಾವಾಗ ಎಂದು ಡಾಕ್ಟರ್ ಕೇಳಿದ್ದು ಇದಕ್ಕೂ ಹೌದು.

ಶುರು ಮಾಡಿದ ಮೇಲಿನ ಮಾತು ಸ್ವಲ್ಪ. ಊಟದ ಜೊತೆ ನುಂಗಬೇಕು, ಊಟದಲ್ಲಿ ಎಣ್ಣೆ-ತುಪ್ಪ ಇರಬೇಕು. ಇಲ್ಲದಿದ್ದರೆ ಅರ್ಧದಷ್ಟು ಔಷಧ ಮೈಗೆ ಹತ್ತುವುದೇ ಇಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಇದ್ದರೆ ಬೇರೆ ಏನೂ ಬೇಡ. ಶ್ರಾವಣ ಸೋಮವಾರದ ಉಪವಾಸ ಇದ್ದರೆ ಸಂಜೆ ಫಳಾರದ ಜೊತೆ ನುಂಗು. ಮೊದಲ ತಿಂಗಳು ಕೆಲವರಿಗೆ ಮೊಡವೆ ಹೆಚ್ಚಾಗಿಯೇ ಏಳುತ್ತವೆ, ಆಮೇಲೆ ಇಳಿಯುತ್ತವೆ. ನಿಶ್ಚಯಕ್ಕೆ ಹದಿನೈದು ದಿನ ಇದೆ ಎನ್ನುವಾಗ ಶುರು ಮಾಡಬೇಡ. ತುಟಿ ಒಣಗಿ ಸಿಪ್ಪೆ ಏಳುವುದು ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ಮಾರ್ಚ್ ಕಳೆದರೆ ನಲವತ್ತು ಡಿಗ್ರಿ ದಾಟುವ ನಮ್ಮ ಕಡೆ ಇದು ಇನ್ನೂ ಜಾಸ್ತಿ. ವ್ಯಾಸಲೀನ್ ಡಬ್ಬಿ ಚೀಲದಲ್ಲಿರಲಿ, ತುಟಿ ನೆಕ್ಕಬೇಡ. ಬಿಸಿಲಿಗೆ ಮುಖ ಬೇಗ ಸುಡುತ್ತದೆ, ಸನ್‌ಸ್ಕ್ರೀನ್ ಹಚ್ಚಿ ಮೇಲೆ ದುಪಟ್ಟಾ ಸುತ್ತಿಕೋ. ಫ್ಯಾಕ್ಟರಿಯ ದೂಳು, ಬಂಡೆ ಗಣಿಯ ದೂಳು ಇರುವ ಊರಿನಲ್ಲಿ ಒಣಗಿದ ಕಣ್ಣು ಉರಿಯುತ್ತದೆ. ಕಣ್ಣಿನ ಹನಿ ಬರೆಸಿಕೋ. ಬ್ಯೂಟಿ ಪಾರ್ಲರ್‌ನವರು ಲಗ್ನದ ಪ್ಯಾಕೇಜ್ ಎಂದು ಕರೆದಾರು. ಈ ಗುಳಿಗೆ ಮೇಲಿರುವಾಗ ಮತ್ತು ಬಿಟ್ಟ ಮೇಲೂ ಕೆಲವು ತಿಂಗಳು ವ್ಯಾಕ್ಸಿಂಗ್ ಬೇಡ, ಕೂದಲ ಜೊತೆ ಚರ್ಮವೂ ಕಿತ್ತು ಬರುತ್ತದೆ. ಪೀಲಿಂಗ್, ಲೇಸರ್ ಏನಿದ್ದರೂ ಚರ್ಮದ ಡಾಕ್ಟರನ್ನು ಕೇಳದೆ ಮಾಡಿಸಬೇಡ. ಗುಳಿಗೆ ನಡೆದಿರುವಾಗ ಮತ್ತು ಬಿಟ್ಟ ಒಂದು ತಿಂಗಳವರೆಗೆ ರಕ್ತದಾನ ಮಾಡಬಾರದು. ಆ ರಕ್ತ ಯಾವ ಬಸುರಿಗೆ ಏರುತ್ತದೋ ಯಾರಿಗೆ ಗೊತ್ತು?

ತಡೆಯಲಾಗದ ತಲೆನೋವು ವಾಂತಿ ಜೊತೆ ಬಂದರೆ, ಕಣ್ಣು ಮಂಜಾದರೆ, ಹೊಟ್ಟೆ ಮೇಲ್ಭಾಗದಲ್ಲಿ ಜೋರು ನೋವು ಬಂದು ಬೆನ್ನಿಗೆ ಹೊಡೆದರೆ, ಕಣ್ಣು ಹಳದಿಯಾದರೆ, ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ಅಳು, ನಿರಾಸೆ ತುಂಬಿ ಬಂದರೆ ಗುಳಿಗೆ ನಿಲ್ಲಿಸಿ ಅದೇ ದಿನ ಡಾಕ್ಟರನ್ನು ಕಾಣು. ಲಗ್ನವಾಗಿದ್ದು ತಿಂಗಳು ತಪ್ಪಿದರೂ ಹಾಗೇ ಮಾಡು, ಒಂದು ದಿನವೂ ಕಾಯಬೇಡ, ಯಾರಿಂದಲೂ ಮುಚ್ಚಿಡಬೇಡ.

ದುಡ್ಡಿನ ಚಿಂತೆ ನೀನು ಬರೆದಿಲ್ಲ, ಆದರೂ ಹೇಳುತ್ತೇನೆ. ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ. ಅಪ್ಪನಿಗೆ ಇಎಸ್‌ಐ ಕಾರ್ಡ್ ಇದ್ದು ನಿನ್ನ ಹೆಸರು ಅದರಲ್ಲಿ ಸೇರಿದ್ದರೆ ಅಲ್ಲಿಯ ಇಎಸ್‌ಐಸಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೂ ಹೋಗಬಹುದು. ನೀನು ಈಗ ತೋರಿಸಿದ ಡಾಕ್ಟರೇ ನಡೆಯುತ್ತಾರೆ ಎಂದರೆ ಇನ್ನೂ ಒಳ್ಳೆಯದು, ಕೇಳಬೇಕಾದ್ದನ್ನು ಕೇಳಿದವರು ಅವರು. ಈ ಸಲ ಅವ್ವನನ್ನು ಬಿಟ್ಟು ಹೋಗಬೇಡ, ಕರೆದುಕೊಂಡೇ ಹೋಗು. ಲಗ್ನದ ಮಾತಿಗೆ ಕೂತಾಗ ಔಷಧದ ಲೆಕ್ಕವನ್ನು ಹಿರಿಯರ ಮುಂದೆ ಇಡಬೇಕಾದವಳು ಅವಳೇ.

ಚುಟುಕು ಉತ್ತರ

ವಾಡಿಯಿಂದ ಬರೆದ ರೈಲ್ವೆ ಸಹಾಯಕ ಲೋಕೋ ಪೈಲಟ್‌ಗೆ: ಇದೇ ಗುಳಿಗೆ ನಿಮಗೂ ಬರೆದಿದ್ದಾರೆ, ‘ಗಂಡಸರಿಗೆ ಏನೂ ತೊಂದರೆ ಇಲ್ಲವಲ್ಲ’ ಎಂದು ಕೇಳಿದ್ದೀರಿ. ನೀವು ನುಂಗಿದ್ದರಿಂದ ಮುಂದೆ ಹುಟ್ಟುವ ಮಗುವಿಗೆ ಅಂಗದೋಷ ಬರುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ನಿಮ್ಮ ವಿಷಯದಲ್ಲಿ ಹೆದರಬೇಕಾದ್ದು ಬೇರೆ ಇದೆ. ಈ ಔಷಧ ಕೆಲವರಿಗೆ ಕತ್ತಲಲ್ಲಿ ಕಾಣುವ ಶಕ್ತಿ ಕಡಿಮೆ ಮಾಡುತ್ತದೆ, ಅದೂ ಮುನ್ಸೂಚನೆ ಇಲ್ಲದೆ ಒಮ್ಮೆಲೇ. ನಿಮ್ಮದು ದೃಷ್ಟಿಗೆ ಎಲ್ಲಕ್ಕಿಂತ ಕಟ್ಟುನಿಟ್ಟಾದ ಎ-1 ವರ್ಗದ ಕೆಲಸ. ನಡುರಾತ್ರಿ ಸಿಗ್ನಲ್ ನೋಡಿ ಗಾಡಿ ನಡೆಸುವವರು. ಆದ್ದರಿಂದ ಮೊದಲ ಗುಳಿಗೆ ನುಂಗುವ ಮುಂಚೆ ರೈಲ್ವೆ ಡಾಕ್ಟರಿಗೆ ಚೀಟಿ ತೋರಿಸಿ, ಡ್ಯೂಟಿ ಮಾಡಬಹುದೇ ಎಂದು ಕೇಳಿ, ಅವರು ಹೇಳಿದ್ದನ್ನು ಬರಹದಲ್ಲಿ ಪಡೆಯಿರಿ. ಚರ್ಮದ ಡಾಕ್ಟರಿಗೂ ನಿಮ್ಮ ನೌಕರಿ ಏನೆಂದು ಹೇಳಿ. ಸಂಜೆ ದೀಪಗಳ ಸುತ್ತ ಮಬ್ಬು ಕಂಡರೆ ಆ ಪಾಳಿಗೆ ಹತ್ತಬೇಡಿ. ಜಿಮ್‌ಗೆ ಹೋಗುತ್ತೇನೆ, ಪೌಡರ್ ಕುಡಿಯುತ್ತೇನೆ ಎಂದು ಕೊನೆಗೆ ಒಂದು ಸಾಲು ಬರೆದಿದ್ದೀರಿ. ಆ ಪೌಡರ್ ಡಬ್ಬಿಯನ್ನೂ ಡಾಕ್ಟರಿಗೆ ತೋರಿಸಿ. ಮೈ ಬೆಳೆಸಲು ಕೊಡುವ ಸ್ಟೆರಾಯ್ಡ್‌ನಿಂದಲೇ ಎದೆ-ಬೆನ್ನಿನ ತುಂಬ ಇಂಥ ಮೊಡವೆ ಬರುವುದುಂಟು. ಗುಳಿಗೆ ಶುರುವಾದ ಮೇಲೆ ಭಾರ ಎತ್ತಿದರೆ ಕೀಲು, ಸ್ನಾಯು ಹಿಡಿಯುತ್ತವೆ, ಸ್ವಲ್ಪ ಇಳಿಸಿ. ಕುಡಿಯುವ ಚಟ ಇದ್ದರೆ ಗುಳಿಗೆ ನಡೆಯುವಷ್ಟು ಕಾಲ ಪೂರ್ತಿ ಬಿಡಿ, ಲಿವರ್‌ಗೆ ಎರಡೆರಡು ಭಾರ ಬೇಡ.

ಚಿಂಚೋಳಿಯ ತಾಯಿಗೆ: ಪಿಯುಸಿ ಓದುವ ಮಗ ಮುಖ ತೋರಿಸಲಾರದೆ ಕಾಲೇಜು ಬಿಟ್ಟು ಕೋಣೆ ಹಿಡಿದಿದ್ದಾನೆ, ಇದೇ ಗುಳಿಗೆ ಬರೆದಿದ್ದಾರೆ, ‘ತಲೆ ಕೆಡಿಸುವ ಗುಳಿಗೆ’ ಎಂದು ಯಾರೋ ಹೇಳಿದ್ದಾರೆ ಎಂದು ಬರೆದಿದ್ದೀರಿ. ದೊಡ್ಡ ದೊಡ್ಡ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಇದನ್ನು ತೆಗೆದುಕೊಂಡವರಲ್ಲಿ ಖಿನ್ನತೆ ಹೆಚ್ಚಾಗಿದೆ ಎಂದು ಕಂಡಿಲ್ಲ. ಮೊಡವೆ ಹೋದ ಮೇಲೆ ಎಷ್ಟೋ ಮಕ್ಕಳ ಮನಸ್ಸು ಹಗುರಾಗುತ್ತದೆ. ಆದರೆ ಅಲ್ಲೊಬ್ಬ ಇಲ್ಲೊಬ್ಬರಿಗೆ ಮನಸ್ಸು ಏರುಪೇರಾದದ್ದು ನಿಜ. ಅದಕ್ಕೇ ಬ್ರಿಟನ್ನಿನಲ್ಲಿ 2023ರಲ್ಲಿ 18 ವರ್ಷದೊಳಗಿನವರಿಗೆ ಇದನ್ನು ಶುರು ಮಾಡಲು ಒಬ್ಬರ ಒಪ್ಪಿಗೆ ಸಾಲದು, ಇಬ್ಬರು ವೈದ್ಯಕೀಯ ಪರಿಣತರು ಒಪ್ಪಬೇಕು ಎಂದು ನಿಯಮ ತಂದಿದ್ದರು. ನಿಮ್ಮ ಮಗನ ಮನಸ್ಸು ಗುಳಿಗೆಗೆ ಮುಂಚೆಯೇ ಕುಸಿದಿದೆ. ಅದನ್ನು ಚರ್ಮದ ಡಾಕ್ಟರಿಗೆ ಮೊದಲು ಹೇಳಿ. ಶುರು ಮಾಡುವ ಮೊದಲು ಮನೋವೈದ್ಯರೂ ಒಮ್ಮೆ ನೋಡಲಿ. ಸರ್ಕಾರದ ಮಾನಸಿಕ ನೆರವಿನ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ. ಗುಳಿಗೆ ನಡೆದಿರುವಾಗ ಅವನ ನಿದ್ದೆ, ಊಟ, ಮಾತು ಬದಲಾಯಿತೇ ಎಂದು ನೋಡುತ್ತಿರಿ. ಸಾಯುವ ಮಾತು ಆಡಿದರೆ ತಮಾಷೆಗೆ ಅಂದ ಎಂದು ಬಿಡಬೇಡಿ, ಒಬ್ಬನನ್ನೇ ಬಿಡಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ. ‘ಗಂಡಸಾಗಿ ಮೊಡವೆಗೆ ಅಳ್ತಿಯಾ’ ಎಂದು ಅವನ ಅಪ್ಪ ಅನ್ನುವುದನ್ನು ಇವತ್ತಿನಿಂದಲೇ ನಿಲ್ಲಿಸಿ.

ಶಹಾಬಾದಿನ ಕಾಲೇಜು ಹುಡುಗಿಗೆ: ಅಕ್ಕನ ಚಿಕಿತ್ಸೆ ಮುಗಿದು ಇದೇ ಗುಳಿಗೆಯ ಎರಡು ಪಟ್ಟಿ ಉಳಿದಿವೆ, ನಿನಗೂ ಮೊಡವೆ ಇವೆ, ನುಂಗಲೇ ಎಂದಿದ್ದೀಯೆ. ಬೇಡ. ಅಕ್ಕನ ತೂಕ ಬೇರೆ, ರಕ್ತ ಬೇರೆ, ಮೊಡವೆ ಬೇರೆ. ನೀನು ಬರೆದಂತೆ ನಿನ್ನವು ಹಣೆಯ ಮೇಲಿನ ಸಣ್ಣ ಗುಳ್ಳೆ. ಅವಕ್ಕೆ ಹಚ್ಚುವ ಔಷಧವೇ ಸಾಕಾದೀತು, ಅದನ್ನೂ ಡಾಕ್ಟರ್ ಕೈಯಲ್ಲೇ ಬರೆಸಿಕೋ. ಉಳಿದ ಪಟ್ಟಿಗಳನ್ನು ಕೊಂಡ ಅಂಗಡಿಗೆ ಒಯ್ದು ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ ಕೇಳು. ಇಲ್ಲ ಎಂದರೆ ಗೆಳತಿಯರಿಗೆ ಹಂಚಬೇಡ. ನಿಮ್ಮ ವೈನಿ ಬಸುರಿ ಎಂದು ಬರೆದಿದ್ದೀಯೆ, ಆಕೆಯ ಕೈಗೆ ಸಿಗುವ ಹಾಗೆ ಮನೆಯ ಔಷಧದ ಡಬ್ಬಿಯಲ್ಲಿ ಇಡಲೂ ಬೇಡ.